ಮಂಜುಗಣ್ಣಿನ ಕಾರಿಗೆ ಕರೆಂಟು: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ಇಂದಿನಿಂದ ನೀವು ಸಂಚಾರಿ ಹೆಡ್‌ಲೈಟ್ ಪಾಲಿಶ್ ಉದ್ಯಮದ ಮಾಲೀಕರು, ಮ್ಯಾನೇಜರು ಮತ್ತು ಕೂಲಿಯಾಳು. ಪೆಟ್ಟಿಗೆ ಬಿಚ್ಚಿ ಸಾಮಾನು ಸರಿಯಾಗಿದೆಯೇ ನೋಡಿಕೊಳ್ಳಿ: ಪಾಲಿಶಿಂಗ್ ಮೆಷೀನು ಒಂದು, ವಾಟರ್ ಪೇಪರ್ ಒಂದು ಕಟ್ಟು, ಕಾಂಪೌಂಡ್ ಒಂದು ಡಬ್ಬಿ, ಹಳೇ ಬನಿಯನ್ನು ಎರಡು. ಪೆಟ್ಟಿಗೆಯಲ್ಲಿ ಕರೆಂಟು ಇರುವುದಿಲ್ಲ. ಅದನ್ನು ತಾವೇ ಹೊಂದಿಸಿಕೊಳ್ಳತಕ್ಕದ್ದು.

ರೋಗಿಗಳಿಗೇನೂ ಬರವಿಲ್ಲ. ಅಂಬಾಸಿಡರ್, ಪದ್ಮಿನಿ ಕಾರುಗಳ ದುಂಡು ದೀಪ ಗಾಜಿನದು. ಒಡೆಯುತ್ತಿತ್ತೇ ಹೊರತು ಹಳದಿಯಾಗುತ್ತಿರಲಿಲ್ಲ. ಈಗಿನದು ಪಾಲಿಕಾರ್ಬೊನೇಟ್. ಅದರ ಮೇಲಿನ ಲೇಪ ಬಿಸಿಲಿಗೆ ಸವೆದ ಮೇಲೆ ಮೊದಲು ಮಂಜು, ಆಮೇಲೆ ಕಾಮಾಲೆ. ಮೈಸೂರಿನ ಶಿವರಾಂಪೇಟೆಯ ಗಲ್ಲಿಗಳಲ್ಲಿ ಶೆಡ್ಡಿನ ಯೋಗವಿಲ್ಲದೆ ವರ್ಷಗಟ್ಟಲೆ ಬೀದಿಯಲ್ಲೇ ಮಲಗುವ ಕಾರುಗಳ ಕಣ್ಣು ನೋಡಿದರೆ ಕಣ್ಣಾಸ್ಪತ್ರೆಯ ಸಾಲು ನೆನಪಾಗುತ್ತದೆ.

ಇನ್ನು ಕರೆಂಟಿನ ವಿಚಾರ. ಮೆಷೀನಿನ ಹೊಟ್ಟೆಯ ಮೇಲೆ 1200 ವ್ಯಾಟ್ ಎಂದು ಬರೆದಿರುತ್ತದೆ. ಹೊಸಬರ ಕಣ್ಣು ಮೊದಲು ಬೀಳುವುದು ಕಾರಿನೊಳಗಿನ ಸಿಗರೇಟ್ ಲೈಟರ್ ತೂತಿನ ಮೇಲೆ. ಅದರ ಫ್ಯೂಸು ಸಾಮಾನ್ಯವಾಗಿ 10 ಅಥವಾ 15 ಆಂಪಿಯರ್. ಹನ್ನೆರಡು ವೋಲ್ಟಿಗೆ ಗುಣಿಸಿ: ಹೆಚ್ಚೆಂದರೆ 180 ವ್ಯಾಟ್. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಆಗ ಎರಡನೆಯ ಬುದ್ಧಿ ಹೊಳೆಯುತ್ತದೆ: ಬಾನೆಟ್ ಎತ್ತಿ, ಗಿರಾಕಿಯ ಬ್ಯಾಟರಿಗೇ ಇನ್ವರ್ಟರ್ ಕಚ್ಚಿಸುವುದು. ಚಿಕ್ಕ ಕಾರಿನ ಬ್ಯಾಟರಿ ಸುಮಾರು 35 ಆಂಪಿಯರ್-ಅವರ್. ಸಾವಿರ ವ್ಯಾಟ್ ಎಳೆದರೆ ಇನ್ವರ್ಟರಿನ ನಷ್ಟವೂ ಸೇರಿ ನೂರು ಆಂಪಿಯರ್‌ಗೆ ಹತ್ತಿರ. ಒಂದೇ ಸಲಕ್ಕೆ ಭಾರಿ ಕರೆಂಟು ಕೊಟ್ಟು ಎಂಜಿನ್ ಎಬ್ಬಿಸುವುದು ಆ ಬ್ಯಾಟರಿಯ ಕಸುಬು. ಗಂಟೆಗಟ್ಟಲೆ ದುಡಿಯುವುದು ಅದರ ಜಾಯಮಾನವಲ್ಲ. ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ನನ್ನ ಕಾರಿಗೇ ಒಬ್ಬ ಹುಡುಗ ಈ ಚಿಕಿತ್ಸೆ ಮಾಡಿದ. ಎಂಜಿನ್ ಬಂದ್, ಮೆಷೀನು ಚಾಲೂ. ಬಲಗಣ್ಣು ಮುಗಿದು ಎಡಗಣ್ಣು ಅರ್ಧವಾದಾಗ ಇನ್ವರ್ಟರು ಕೀಂಯ್ ಎಂದು ಅತ್ತು ಸುಮ್ಮನಾಯಿತು. ಕೀ ತಿರುಗಿಸಿದರೆ ಟಿಕ್ ಟಿಕ್, ಅಷ್ಟೇ. ಚಿಕ್ಕ ಗಡಿಯಾರದ ಗೋಪುರದ ಹತ್ತಿರ ನಾಲ್ಕು ಜನ ತಳ್ಳಿದರು, ಅವರಲ್ಲಿ ಇಬ್ಬರು ಹೂವಿನವರು. ಬಲದ ದೀಪ ಮದುವಣಗಿತ್ತಿಯ ಹಾಗೆ ಫಳಫಳ. ಹಚ್ಚೋಣವೆಂದರೆ ಕರೆಂಟಿಲ್ಲ.

ಮನೆಯ ಯುಪಿಎಸ್ಸಿನ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ ಹೊತ್ತು ತರುವ ಯೋಚನೆಯಿದ್ದರೆ, ಅದು ಐವತ್ತು ಕಿಲೋ ಮೀರುತ್ತದೆ ಎಂಬುದು ತಿಳಿದಿರಲಿ. ಸ್ಕೂಟರಿನ ಹಿಂದೆ ಕೂರುವ ಸವಾರನಿಗೆ ಹಿಡಿದುಕೊಳ್ಳಲು ಕೈಯಾದರೂ ಇರುತ್ತದೆ, ಇದಕ್ಕೆ ಅದೂ ಇಲ್ಲ. ಹೊಟ್ಟೆಯಲ್ಲಿ ಆಸಿಡ್ ಬೇರೆ. ಜನರೇಟರು? ಲೋಡ್ ಶೆಡ್ಡಿಂಗ್ ಕಾಲದಲ್ಲಿ ಅಂಗಡಿಗಳ ಮುಂದೆ ಸೀಮೆಎಣ್ಣೆ ಹೊಗೆ ಕುಡಿದವರಿಗೆ ಅದರ ಗುಣಗಾನ ಬೇಡ. ಆದರೆ ಇದೊಂದು ತಮಾಷೆಯ ಮಾತಲ್ಲ: ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಜನರೇಟರ್ ಹಚ್ಚಲೇಬೇಡಿ. ಅದರ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಆಳನ್ನು ಕೊಲ್ಲುತ್ತದೆ.

ಉಳಿದದ್ದು ಅಂಗಡಿಯವರ ಪ್ಲಗ್. ಇದಕ್ಕೆ ವಿದ್ಯುತ್ ಶಾಸ್ತ್ರಕ್ಕಿಂತ ಲೋಕಜ್ಞಾನ ಮುಖ್ಯ. ಮಾದರಿ ಸಂಭಾಷಣೆ ಹೀಗಿದೆ:

“ಯಜಮಾನ್ರೇ, ಐದು ನಿಮಿಷ ಒಂದು ಪ್ಲಗ್ ಸಿಗುತ್ತಾ?”

“ಯಾಕಪ್ಪಾ, ಏನು ಮೆಷೀನು?”

“ಚಿಕ್ಕದು ಸಾರ್. ಕಾರಿನ ಲೈಟು ಉಜ್ಜೋದು.”

“ಮೀಟರು ನೋಡಿದ್ದೀಯಾ? ಕಮರ್ಷಿಯಲ್ಲು. ನಮ್ಮದೇ ಫ್ಯಾನ್ ಆಫ್ ಮಾಡಿಕೊಂಡು ಕೂತಿದ್ದೀವಿ.”

ಇಲ್ಲಿ 1200 ವ್ಯಾಟ್ ಎಂಬ ಮಾತು ಬಾಯಿಂದ ಜಾರಕೂಡದು. ಮೊದಲು ಅವರ ಅಂಗಡಿಯಲ್ಲಿ ಏನಾದರೂ ಕೊಳ್ಳಿ. ಮಾರ್ಕೆಟ್ಟಿನ ಕಡೆಯಾದರೆ ಒಂದು ಚಿಪ್ಪು ರಸಬಾಳೆಯೋ ಒಂದು ಕವಳಿಗೆ ಎಲೆಯೋ ಸಾಕು. ಅರಸು ರಸ್ತೆಯ ಬಟ್ಟೆ ಅಂಗಡಿಯಲ್ಲಿ ಈ ಉಪಾಯ ದುಬಾರಿ. ಒಂದು ಪ್ಲಗ್ಗಿಗಾಗಿ ಸೀರೆ ಕೊಂಡವನ ಲಾಭದ ಲೆಕ್ಕ ನಾನು ಬರೆಯಲಾರೆ.

ಪ್ಲಗ್ ಸಿಕ್ಕಿತೆನ್ನಿ. ಸೀರಿಯಲ್ ಸೆಟ್ಟಿನಂಥ ಸಣ್ಣ ವೈರಿನ ಎಕ್ಸ್‌ಟೆನ್ಷನ್ ಬೋರ್ಡು ತರಬೇಡಿ. ದಪ್ಪ ವೈರನ್ನೂ ಸುತ್ತಿದ ಹಾಗೇ ಬಿಡದೆ ಪೂರ್ತಿ ಬಿಚ್ಚಿ ಹಾಸಿ. ಸುರುಳಿಯೊಳಗಿನ ಬಿಸಿಗೆ ಹೋಗಲು ದಾರಿಯಿಲ್ಲದೆ ಪ್ಲಾಸ್ಟಿಕ್ ಕರಗುತ್ತದೆ. ವಾಟರ್ ಪೇಪರ್ ಉಜ್ಜುವುದು ನೀರು ಹಾಕಿಯೇ. ಒದ್ದೆ ಕೈಗೂ 230 ವೋಲ್ಟಿಗೂ ನೆಂಟಸ್ತಿಕೆ ಬೆಳೆಸಬೇಡಿ.

ದಸರಾ ಸೂಚನೆ: ಸಯ್ಯಾಜಿರಾವ್ ರಸ್ತೆಯುದ್ದಕ್ಕೂ ದೀಪ ತೂಗುವ ದಿನಗಳಲ್ಲಿ ಕಂಬದ ತುಂಬ ಕರೆಂಟು ಕಾಣುತ್ತದೆ, ಕೈ ತುರಿಸುತ್ತದೆ. 2003ರ ವಿದ್ಯುತ್ ಕಾಯ್ದೆಯ 135ನೇ ಕಲಂ ಪ್ರಕಾರ ಕದ್ದವರಿಗೆ ಮೂರು ವರ್ಷದವರೆಗೆ ಜೈಲು. ತಾಳ್ಮೆ ಇರಲಿ. ಶಿವನಸಮುದ್ರದ ಕರೆಂಟು 1902ರಲ್ಲೇ 147 ಕಿಲೋಮೀಟರ್ ತಂತಿ ಹಿಡಿದು ಕೋಲಾರದ ಚಿನ್ನದ ಗಣಿಗೆ ಹೋಯಿತು, ಮೈಸೂರಿಗೆ ಬಂದದ್ದು 1908ರಲ್ಲಿ. ಅರಮನೆಯ ಊರೇ ಆರು ವರ್ಷ ಕಾದಿದೆ. ಯಜಮಾನರು ಊಟ ಮುಗಿಸಿ ಬರುವ ತನಕ ನೀವು ಕಾಯಬಹುದು.

ಇಷ್ಟೆಲ್ಲ ಓದಿ ಸುಸ್ತಾದವರು ಸಾಣೆಯವನನ್ನು ನೆನೆಸಿಕೊಳ್ಳಿ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಸೀಟಿನ ಮೇಲೆ ಕೂತು, ಪೆಡಲ್ ತುಳಿದು ಕಲ್ಲು ತಿರುಗಿಸುತ್ತಾ ಕತ್ತಿ, ಕತ್ತರಿಗೆ ಕಿಡಿ ಹಾರಿಸುತ್ತಿದ್ದ. ಯಾರ ಹತ್ತಿರವೂ ಅವನು ಪ್ಲಗ್ ಕೇಳಲಿಲ್ಲ. ಅವನ ದಾರಿಯೇ ನಿಮಗೂ ಮೇಲು. ಸವೆದ ಲೇಪ ತೆಗೆಯುವ ಉಜ್ಜಾಟವನ್ನೆಲ್ಲ ಕೈಯಲ್ಲೇ ಮಾಡಿ: 800, 1500, 2000, ಕೊನೆಗೆ 3000 ನಂಬರಿನ ಪೇಪರ್, ನಡುನಡುವೆ ನೀರು. ಹಳದಿ ಹಾಲಿನಂಥ ನೀರು ಬಂಪರಿನ ಮೇಲೆ ಇಳಿಯುತ್ತದೆ, ಅದು ಬೆಳ್ಳಗಾಗುವ ತನಕ ಬಿಡಬೇಡಿ. ತೋಳು ನೋಯುತ್ತದೆ, ಮೀಟರು ಓಡುವುದಿಲ್ಲ.

ಮೆಷೀನು ಕಡೆಯ ಹೊಳಪಿಗೆ ಮಾತ್ರ. ಅದಕ್ಕೆ ಬ್ಯಾಟರಿಯ ಸಣ್ಣ ಪಾಲಿಶರ್ ಸಾಕು. ಡಬ್ಬದ ಮೇಲೆ 20 ವೋಲ್ಟ್ ಎಂದು ಬರೆದಿದ್ದರೂ ಲೆಕ್ಕ ಹಿಡಿಯಬೇಕಾದ್ದು 18. ಮೊದಲನೆಯದು ಪೂರ್ತಿ ಚಾರ್ಜ್ ಆದ ಗಳಿಗೆಯ ಜಂಬ. 18 ವೋಲ್ಟ್, 4 ಆಂಪಿಯರ್-ಅವರ್ ಅಂದರೆ 72 ವ್ಯಾಟ್-ಅವರ್. ಹತ್ತು ನಿಮಿಷದ ಪಾಲಿಶ್ ಅದರಲ್ಲಿ ಮುಗಿಯುತ್ತದೆ. ಒಂದು ಬ್ಯಾಟರಿ, ಒಂದು ಕಾರು. ನಾಲ್ಕು ಬ್ಯಾಟರಿ ರಾತ್ರಿ ಮನೆಯಲ್ಲಿ ಚಾರ್ಜಿಗೆ ಹಾಕಿ ಹೊರಟರೆ ದಿನದ ಬೋಣಿಗೆ ತೊಂದರೆಯಿಲ್ಲ. ಕೊನೆಗೆ ಹಚ್ಚುವ ರಕ್ಷಣಾ ಲೇಪವನ್ನು ಮರೆಯಬೇಡಿ, ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಕಾಮಾಲೆ ಮರಳುತ್ತದೆ. ಅದರಲ್ಲಿ ಬಿಸಿಲಿಗೇ ಗಟ್ಟಿಯಾಗುವ ಬಗೆಯೂ ಇದೆ. ರೋಗ ತಂದವನ ಕೈಯಲ್ಲೇ ಔಷಧಿ ಅರೆಸಿದ ಹಾಗೆ, ಪುಕ್ಕಟೆ.

ಅಂಗಡಿ ಯಜಮಾನರಿಗೊಂದು ಅರಿಕೆ. ನಾಲ್ಕನೇ ಬ್ಯಾಟರಿಯೂ ಮುಗಿದು ಹುಡುಗನೊಬ್ಬ ಚಾರ್ಜರ್ ಹಿಡಿದು ನಿಮ್ಮ ಬಾಗಿಲಿಗೆ ಬಂದರೆ ಒಂದು ಪ್ಲಗ್ ಕೊಡಿ. ಅವನು ಒಂದು ಕಾರಿಗೆ ತೆಗೆದುಕೊಂಡು ಹೋಗುವುದು ಒಂದು ಯೂನಿಟ್ಟಿನ ಹತ್ತನೇ ಒಂದು ಪಾಲು.