ಅತ್ತೆಯವರ ಕೈಲೇ ಹಾಡಿಸಿ, ಅಕ್ಕಾ

ಅಕ್ಕಾ, ಅತ್ತೆಯವರಿಗೆ ಟಿ.ವಿ.ಯಲ್ಲಿ ದೇವರನಾಮ ಹಾಕಿ ಕೂರಿಸ್ತೀರಲ್ಲ, ಒಳ್ಳೇದೇ. ಆದರೆ ಅವರ ಕೈಲೇ ಹಾಡಿಸಿ ಅಂತೀನಿ ನಾನು. ತಿಂಡಿ ತಿಂದದ್ದೇ ನೆನಪಿರಲ್ಲ ಅಂತ ನೀವು ಕಣ್ಣಲ್ಲಿ ನೀರು ಹಾಕಿದ್ರಿ. ಅದೇ ಅತ್ತೆ ಮೊನ್ನೆ ಹಿತ್ತಲಲ್ಲಿ ಕೂತು ಮಲಹರಿಯ ಪಿಳ್ಳಾರಿ ಗೀತೆ ಶುರು ಮಾಡಿದ್ರಲ್ಲ, ಒಂದಕ್ಷರ ತಪ್ಪಲಿಲ್ಲ, ತೊಡೆ ಮೇಲೆ ತಾಳ ಬೇರೆ!

ಇದಕ್ಕೆ ಕಾರಣ ಇದೆ. ಬಹುಕಾಲದಿಂದ ಗೊತ್ತಿರೋ ಹಾಡು ಕೇಳಿದಾಗ ಕೆಲಸ ಮಾಡೋ ಮಿದುಳಿನ ಭಾಗಗಳು ಆಲ್ಝೈಮರ್ಸ್ ಬಂದ ಮೇಲೂ ಬೇರೆ ಭಾಗಗಳಷ್ಟು ಸವೆಯೋದಿಲ್ಲ ಅಂತ 2015ರಲ್ಲಿ ಜರ್ಮನಿಯ ಲೈಪ್ಜಿಗ್‌ನ ಸಂಶೋಧಕರು ತೋರಿಸಿದ್ರು. ನಮ್ಮ ಪ್ಲೇನ್‌ಫೀಲ್ಡ್‌ನಿಂದ ಷಿಕಾಗೋ ದಾಟಿದರೆ ಎವಾನ್ಸ್‌ಟನ್ ಇದೆಯಲ್ಲ, ಅಲ್ಲಿನ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ನೀನಾ ಕ್ರೌಸ್ ಅವರ ತಂಡ 2013ರಲ್ಲಿ 55ರಿಂದ 76 ವಯಸ್ಸಿನವರನ್ನ ಪರೀಕ್ಷೆ ಮಾಡಿತು. ಚಿಕ್ಕಂದಿನಲ್ಲಿ ನಾಲ್ಕು ವರ್ಷವೋ ಹೆಚ್ಚೋ ವಾದ್ಯ ಕಲಿತು, ಆಮೇಲೆ ದಶಕಗಟ್ಟಲೆ ಮುಟ್ಟದೇ ಇದ್ದವರ ಮಿದುಳೂ ಮಾತಿನ ಸದ್ದನ್ನ ಬೇಗ ಹಿಡೀತಿತ್ತಂತೆ. ಮದುವೆಯಾದ ಮೇಲೆ ವೀಣೆ ಬಿಟ್ಟ ನಮ್ಮ ಹೆಂಗಸರೆಲ್ಲ ಕೇಳಬೇಕಾದ ಸುದ್ದಿ ಇದು.

ಸಂಗೀತ ಕಲಿತವರಿಗೆ ಮರೆವೇ ಬರಲ್ಲ ಅಂತಲ್ಲ, ಅಕ್ಕಾ. ವಾದ್ಯ ನುಡಿಸೋ ವೃದ್ಧರಲ್ಲಿ ಡಿಮೆನ್ಷಿಯಾ ಕಮ್ಮಿ ಅಂತ ನ್ಯೂಯಾರ್ಕಿನ ಬ್ರಾಂಕ್ಸ್‌ನ ಒಂದು ಅಧ್ಯಯನದಲ್ಲಿ 2003ರಲ್ಲೇ ಕಂಡಿತ್ತು. ಆದರೆ ಮನಸ್ಸು ಚುರುಕಾಗಿರೋರೇ ಕೊನೇತನಕ ನುಡಿಸ್ತಾರೋ, ನುಡಿಸೋದರಿಂದಲೇ ಚುರುಕೋ, ಅದರಿಂದ ಇತ್ಯರ್ಥ ಆಗಲ್ಲ. ನನಗೆ ಅದಕ್ಕಿಂತ ದೊಡ್ಡ ಉದಾಹರಣೆ ರುದ್ರಪಟ್ಟಣದ ಗಾಯಕ ಆರ್.ಕೆ. ಶ್ರೀಕಂಠನ್. 1920ರಲ್ಲಿ ಹುಟ್ಟಿದವರು, ತೊಂಬತ್ತು ದಾಟಿದ ಮೇಲೂ ಕಚೇರಿ ಮಾಡಿದರು. ಅಷ್ಟು ಕೃತಿ, ಅಷ್ಟು ಸಾಹಿತ್ಯ, ಎಲ್ಲ ಬಾಯಲ್ಲೇ. ದಿನಾ ಹಾಡ್ತಿದ್ದರು, ಶಿಷ್ಯರಿಗೆ ಹೇಳಿಕೊಡ್ತಿದ್ದರು. ಕೇಳ್ತಾ ಸುಮ್ಮನೆ ಕೂತವರಲ್ಲ.

ಇಲ್ಲಿ ಹಿಮ ಬಿತ್ತು ಅಂದರೆ ಕಾರು ಓಡಿಸದ ಹಿರಿಯರಿಗೆ ನಾಲ್ಕು ಗೋಡೆಯೇ ಗತಿ. ಯಾರೋ ಕರೆದುಕೊಂಡು ಹೋದರೆ ಅರೋರಾದ ಬಾಲಾಜಿ ದೇವಸ್ಥಾನ, ಇಲ್ಲದಿದ್ದರೆ ಇಲ್ಲ. ಅದಕ್ಕೇ ಈ ಬೇಸಿಗೆಯಲ್ಲೇ ಶುರು ಮಾಡೋಣ. ನಿಮ್ಮ ಮಗಳು ಸರಳೆವರಸೆ ಕಲೀತಿದಾಳಲ್ಲ, ಪಾಠ ಅಜ್ಜಿಗೇ ಒಪ್ಪಿಸಲಿ. ಶನಿವಾರ ನನ್ನ ಶ್ರುತಿಪೆಟ್ಟಿಗೆ ತರ್ತೀನಿ. ಅತ್ತೆ ಎಲ್ಲಾದರೂ ಸಾಹಿತ್ಯ ಮರೆತರೆ ಥಟ್ಟನೆ ತಿದ್ದಬೇಡಿ, ಸ್ವರ ಹಿಡಿದು ಮುಂದೆ ಹೋಗಲಿ. ಆ ಹೊತ್ತಿಗೆ ಟಿ.ವಿ. ಮಾತ್ರ ಆರಿಸಿಬಿಡಿ.