ಕತ್ತರಿಗಿಂತ ಆಡು ವಾಸಿ

ಮೈಸೂರಿನ ಅವಧೂತ ದತ್ತಪೀಠದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನವನ್ನೋ ಬೆಂಗಳೂರು ಲಾಲ್‌ಬಾಗಿನ ಬೋನ್ಸಾಯ್ ತೋಟವನ್ನೋ ಒಂದು ಸುತ್ತು ಹಾಕಿ ಬಂದವರಲ್ಲಿ ಮೊದಲು ಹುಟ್ಟುವುದು ಭಕ್ತಿ, ಆಮೇಲೆ ಕತ್ತರಿ ಕೊಳ್ಳುವ ಆಸೆ. ಊರು ಮುಟ್ಟುವಷ್ಟರಲ್ಲಿ ಭಕ್ತಿ ಇಳಿದಿರುತ್ತದೆ, ಕತ್ತರಿ ಕೈಯಲ್ಲೇ ಇರುತ್ತದೆ. ನರ್ಸರಿಯಿಂದ ತಂದ ಆಲದ ಸಸಿಗೆ ಅದೇ ಸಂಜೆ ತಲೆ ಬೋಳಿಸಿ, ಬೇರು ಕತ್ತರಿಸಿ, ತಂತಿ ಸುತ್ತಿ, ತಗ್ಗಿನ ಕುಂಡದಲ್ಲಿ ಕೂರಿಸಿಯೇ ಊಟಕ್ಕೆ ಏಳುವುದು. ಸಿರುಗುಪ್ಪ ಸೀಮೆಯ ದೇಶನೂರಿನವರು ಈ ವಿದ್ಯೆಗಾಗಿ ಅಷ್ಟು ದೂರ ಹೋಗಬೇಕಾಗಿಲ್ಲ ಎಂಬುದು ನನ್ನ ವಾದ. ಬೀಳು ನೆಲದಲ್ಲಿ ಆಡು ಮೇದುಬಿಟ್ಟ ಒಂದು ಬಾರೆ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದರೆ ಸಾಕು. ಗಿಡ ಮೊಣಕಾಲೆತ್ತರ, ಬುಡ ಮಾತ್ರ ಹೆಬ್ಬೆರಳಿಗಿಂತ ದಪ್ಪ. ಕೊನೆಕೊನೆಗೂ ಕಚ್ಚಿದ ಗುರುತು, ಒಂದೊಂದು ಗುರುತಿನ ಕೆಳಗೂ ಎರಡು ಮೂರು ಹೊಸ ಕವಲು, ಒತ್ತೊತ್ತಾಗಿ ಚಿಕ್ಕ ಎಲೆ.

ಇದರಲ್ಲಿ ಮಾಯಮಂತ್ರ ಏನೂ ಇಲ್ಲ. ಕುಡಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿನ ಮೊಗ್ಗುಗಳನ್ನು ತಲೆಯೆತ್ತಗೊಡುವುದಿಲ್ಲ. ಕುಡಿ ಹೋಯಿತೆಂದರೆ ಅವಕ್ಕೆ ಎಚ್ಚರ. ಆಲ, ಅರಳಿ ಜಾತಿಗೆ ಬೋನ್ಸಾಯ್ ಪಂಡಿತರು ಹೇಳುವುದೂ ಇದನ್ನೇ: ಚಿಗುರು ಆರೆಂಟು ಎಲೆ ಬಿಡುವವರೆಗೆ ಸುಮ್ಮನಿರಬೇಕು, ಆಮೇಲೆ ಎರಡು ಎಲೆ ಉಳಿಸಿ ತುದಿ ತೆಗೆಯಬೇಕು. ಉಳಿದ ಕೊನೆಯ ಎಲೆ ಯಾವ ಕಡೆ ಮುಖ ಮಾಡಿದೆಯೋ ಹೊಸ ಕವಲು ಆ ಕಡೆ ಹೊರಡುತ್ತದೆ. ಹಾಲು ಒಸರಿದರೆ ಗಾಬರಿ ಬೇಡ, ತಾನೇ ಹೆಪ್ಪುಗಟ್ಟುತ್ತದೆ. ಆಡಿನ ಬಾಯಿ ಇಷ್ಟು ಲೆಕ್ಕ ಹಿಡಿಯುವುದಿಲ್ಲ ನಿಜ. ಅದರ ಜಾಣತನವೆಲ್ಲ ಇರುವುದು ಕಾಲಲ್ಲಿ. ನಾಲ್ಕು ಕುಡಿ ಕಿತ್ತುಕೊಂಡು ಮುಂದಿನ ಗಿಡಕ್ಕೆ ನಡೆದುಬಿಡುತ್ತದೆ. ಒಂದೇ ಕುಂಡ ಸಾಕಿದವನಿಗೆ ಮುಂದಿನ ಗಿಡ ಎಲ್ಲಿಂದ ಬರಬೇಕು? ಬೆಳಿಗ್ಗೆ ಎಡಗಡೆಯ ಕೊಂಬೆ ಉದ್ದ ಕಾಣುತ್ತದೆ, ಅದನ್ನು ಮೋಟು ಮಾಡಿದರೆ ಸಂಜೆಗೆ ಬಲಗಡೆಯದು ಉದ್ದ ಕಾಣುತ್ತದೆ, ಸರಿದೂಗಿಸುತ್ತ ಸರಿದೂಗಿಸುತ್ತ ಕೊನೆಗೊಂದು ಕಡ್ಡಿ ಉಳಿಯುತ್ತದೆ. ಹೊಸಬರು ಐದಾರು ಸಸಿ ಇಟ್ಟುಕೊಳ್ಳುವುದೇ ಕ್ಷೇಮ.

ಕಬ್ಬು ಬೆಳೆಯುವವರು ಇಲ್ಲಿ ತಕರಾರು ತೆಗೆದಾರು. ದೇಶನೂರು ಸಕ್ಕರೆ ಕಾರ್ಖಾನೆಯನ್ನೇ ಕಂಡ ಊರು. ಬುಡಮಟ್ಟ ಕಡಿದರೂ ಕೂಳೆ ಎದ್ದು ಬರುತ್ತದಲ್ಲ, ಆಲಕ್ಕೇಕೆ ಇಷ್ಟು ಉಪಚಾರ? ಕಬ್ಬು ಹುಲ್ಲಿನ ಕುಲ. ಅದರ ಕಣ್ಣುಗಳು ಮಣ್ಣೊಳಗಿನ ಗಿಣ್ಣಿನಲ್ಲಿ ಭದ್ರವಾಗಿರುತ್ತವೆ, ಬೇರಿಗೆ ಇಡೀ ಹೊಲವೇ ಇರುತ್ತದೆ. ಅಂಗೈಯಗಲದ ಕುಂಡದ ಸಸಿ ಎಲೆ ದುಡಿದದ್ದನ್ನೇ ಉಣ್ಣಬೇಕು. ಎಲೆ, ಬೇರು ಎರಡನ್ನೂ ಒಂದೇ ದಿನ ಕಳಕೊಂಡರೆ ಗಳಿಕೆಯೂ ಇಲ್ಲ, ಗಂಟೂ ಇಲ್ಲ. ಜೂನಿಪರ್‌ನ ಬೋಳು ಕೊಂಬೆಯಂತೂ ಮತ್ತೆ ಚಿಗುರುವ ಮಾತೇ ಇಲ್ಲ. ಆಡಿಗೆ ಸೌಂದರ್ಯಪ್ರಜ್ಞೆ ಎಲ್ಲಿದೆ ಎಂಬುದು ಇನ್ನೊಂದು ಆಕ್ಷೇಪ. ಒಪ್ಪಬೇಕಾದ್ದೇ. ಕೊಂಬೆ ಬಗ್ಗಿಸುವುದು ಅದರ ಕೈಲಾಗದು. ಅದಕ್ಕೆ ಮೆತ್ತನೆಯ ಅಲ್ಯೂಮಿನಿಯಂ ತಂತಿಯನ್ನು ಸುಮಾರು 45 ಡಿಗ್ರಿ ಓರೆಯಲ್ಲಿ ಸುತ್ತಬೇಕು. ಆದರೆ ಬೆಳೆಯುವ ಕಾಲದಲ್ಲಿ ಆಲದ ಕೊಂಬೆ ಬೇಗ ದಪ್ಪಗಾಗುತ್ತದೆ. ಬಿಚ್ಚುವುದನ್ನು ಮರೆತರೆ ಕೆಲವೇ ವಾರಗಳಲ್ಲಿ ತಂತಿ ತೊಗಟೆಯೊಳಕ್ಕೆ ಇಳಿದು, ಆ ಸುರುಳಿ ಗಾಯ ವರ್ಷಗಟ್ಟಲೆ ಉಳಿಯುತ್ತದೆ. ಹಲ್ಲಿನ ಗುರುತೋ, ಹೊಸ ಚಿಗುರಿನಲ್ಲಿ ಮರೆಯಾಗಿ ಹೋಗುತ್ತದೆ.

ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ ಬಳ್ಳಾರಿ ಬಿಸಿಲಿನದು. ಏಪ್ರಿಲ್, ಮೇ ಬಂತೆಂದರೆ 40 ಡಿಗ್ರಿ ದಾಟುವ ನಾಡಿನಲ್ಲಿ ಇರುವೆಗಷ್ಟೇ ನೆರಳು ಕೊಡುವ ಮರ ಬೆಳೆಸುವುದು ಯಾವ ಬುದ್ಧಿವಂತಿಕೆ? ಉತ್ತರ ಕುಂಡವೇ ಕೊಡುತ್ತದೆ. ಭತ್ತಕ್ಕೆ ಒಗ್ಗಿದ ಎರೆಮಣ್ಣು ಕುಂಡದಲ್ಲಿ ನೀರು ಕುಡಿದರೆ ಅಂಟು, ಒಣಗಿದರೆ ಬಿರುಕು. ಬೇರಿಗೆ ಎರಡೂ ಆಗದು. ಇಟ್ಟಿಗೆ ಚೂರು, ದಪ್ಪ ಮರಳು ಬೆರೆಸಿ, ದಿನಕ್ಕೆರಡು ಸಲ ನೀರು ಹಾಕಿದರೂ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಎಳೆಯ ಸಸಿ ಬಾಳುವುದು ಕಷ್ಟ. ಕೆಳಗಿಳಿಸಿ ಬೇವಿನ ನೆರಳಲ್ಲಿಡಬೇಕು. ಹೀಗಾಗಿ ಈ ಊರಲ್ಲಿ ಬೋನ್ಸಾಯ್ ಸಾಕುವವರು ಮೊದಲು ಆಳೆತ್ತರ ಮೀರಿದ ಮರವೊಂದನ್ನು ಸಾಕಲೇಬೇಕು. ಕೆಳಗಿಟ್ಟರೆ ಗುರುಗಳೇ ಹುಡುಕಿಕೊಂಡು ಬರುತ್ತಾರೆ, ಅದೂ ಪರಿವಾರ ಸಮೇತ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ತಪ್ಪಾಗುವುದು ಬಳ್ಳಾರಿ ಜಾಲಿಯ ಹತ್ತಿರ: ಅದರ ಕಾಯಿ ತಿಂದು ಬೀಜವನ್ನು ಊರೆಲ್ಲ ಬಿತ್ತುವ ಆಡು ಎಲೆಗೆ ಮೂತಿ ತಿರುಗಿಸುತ್ತದೆ. ಆ ಮುಳ್ಳು ಪುಕ್ಕಟೆ ಸಿಗುತ್ತದೆ, ಕುಂಡದ ಸುತ್ತ ಬೇಲಿ ಹಾಕಬಹುದು. ಆಡು ಹಿಂಗಾಲ ಮೇಲೆ ಎದ್ದು ನಿಲ್ಲುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿದು ಹಾಕಬೇಕು, ಅಷ್ಟೆ.