ಲಿನಕ್ಸ್ ರಾಯರ ಮಡಿ

ಮದುವೆ ಊಟದ ಪಂಕ್ತಿಯಲ್ಲಿ ಯಾರಾದರೂ "ಲ್ಯಾಪ್‌ಟಾಪ್ ಯಾಕೋ ತುಂಬಾ ನಿಧಾನ ಆಗ್ಬಿಟ್ಟಿದೆ" ಅಂದರೆ ಮುಗಿಯಿತು. ಲಿನಕ್ಸ್ ರಾಯರು ಪಾಯಸದ ದೊನ್ನೆಯನ್ನು ಪಕ್ಕಕ್ಕಿಟ್ಟು ಪ್ರವರ ಶುರುಮಾಡುತ್ತಾರೆ. 1983ರಲ್ಲಿ ಸ್ಟಾಲ್‌ಮನ್ ಗ್ನೂ ಯೋಜನೆ ಸಾರಿದ್ದು, 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್ ಬಿಡುಗಡೆ ಮಾಡಿದ್ದು, 1993ರಲ್ಲಿ ಡೆಬಿಯನ್ ಹುಟ್ಟಿದ್ದು. ನಡುವೆ ಯಾರಾದರೂ ಬರೀ 'ಲಿನಕ್ಸ್' ಅಂದರೆ "ಗ್ನೂ ಲಿನಕ್ಸ್ ಅನ್ನಿ" ಎಂದು ತಿದ್ದುತ್ತಾರೆ. ಕೇಳಿದವರು ಮೊಸರನ್ನಕ್ಕೂ ಕಾಯದೆ ಕೈತೊಳೆಯಲು ಎದ್ದಿರುತ್ತಾರೆ.

ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಯಾವ ಊರಿನ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ರಾಯರೇ ಆಗಬೇಕೆಂದಿಲ್ಲ, ಗೌಡರೂ ಇದ್ದಾರೆ, ಪಾಟೀಲರೂ ಇದ್ದಾರೆ. ಲ್ಯಾಪ್‌ಟಾಪಿನ ಬೆನ್ನಿಗೆ ಪೆಂಗ್ವಿನ್ ಸ್ಟಿಕರ್, ಬಾಯಲ್ಲಿ "ನಮ್ಮನೇಲಿ ವಿಂಡೋಸ್ ಇಲ್ಲ" ಎಂಬ ಮಾತು. ಇವೆರಡಿದ್ದರೆ ಆಸಾಮಿ ಅವರೇ.

ಇಲ್ಲ ಅನ್ನುವುದು ಒಂದರ್ಥದಲ್ಲಿ ನಿಜ. ಇರುವುದು ಒಂದು ಫೈಲು ಮಾತ್ರ. 'ಹಳೇ ಬಿಲ್ಲುಗಳು' ಎಂಬ ಫೋಲ್ಡರಿನಲ್ಲಿ ಅರವತ್ತು ಜಿಬಿ ದಾಟಿ ಬೆಳೆದಿರುವ ಆ ಫೈಲಿನೊಳಗೆ ಪೂರ್ತಿ ವಿಂಡೋಸ್ ವಾಸವಾಗಿದೆ.

ಮನೆಯಲ್ಲಿ ಈರುಳ್ಳಿ ಸೋಂಕಿಸದೆ ಗಾಂಧಿಬಜಾರಿಗೆ ಹೋಗಿ ಈರುಳ್ಳಿ ದೋಸೆ ತಿಂದು ಬರುವ ಮಡಿವಂತರನ್ನು ನೀವು ನೋಡಿರುತ್ತೀರಿ. ರಾಯರು ಅವರಿಗಿಂತ ಮುಂದೆ. ಹೋಟೆಲನ್ನೇ ಮನೆಯೊಳಗೆ ಕಟ್ಟಿಸಿ, ಸುತ್ತ ಗೋಡೆ ಎಬ್ಬಿಸಿ, ವಾಸನೆ ಈಚೆ ಬರದಂತೆ ನೋಡಿಕೊಂಡಿದ್ದಾರೆ. ಆ ಗೋಡೆಯ ಹೆಸರೇ ವರ್ಚುವಲ್ ಮೆಷಿನ್. ಒಳಗಿನ ವಿಂಡೋಸಿಗೆ ತಾನು ಸ್ವಂತ ಕಂಪ್ಯೂಟರಿನಲ್ಲಿದ್ದೇನೆಂದೇ ನಂಬಿಕೆ. ಅದು ಕಾಣುವ ಡಿಸ್ಕು, ಪರದೆ, ನೆಟ್‌ವರ್ಕ್ ಕಾರ್ಡು ಎಲ್ಲ ಲಿನಕ್ಸ್ ಆಡಿಸುವ ಸೋಗು. ವಿಂಡೋಸ್ 11 ಬೇರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇದ್ದರೇ ಬರುತ್ತೇನೆಂದು ಹಟ ಹಿಡಿಯಿತು. ರಾಯರ ಹಳೇ ಲ್ಯಾಪ್‌ಟಾಪಿನಲ್ಲಿ ಅದೆಲ್ಲಿಂದ ಬರಬೇಕು? ಆ ಚಿಪ್ಪಿನ ವೇಷ ಹಾಕುವ ಪುಟ್ಟ ತಂತ್ರಾಂಶವೊಂದನ್ನು ಮುಂದೆ ನಿಲ್ಲಿಸಿದರು. ವಿಂಡೋಸ್ ನಮಸ್ಕಾರ ಹಾಕಿ ಒಳಗೆ ಬಂತು.

ಇದಕ್ಕೆ ವರ್ಚುವಲ್‌ಬಾಕ್ಸ್ ಸುಲಭವಲ್ಲವೇ ಎಂದು ಕೇಳಿ ನೋಡಿ. "ಅಯ್ಯೋ, ಅದು ಒರಾಕಲ್ ಕಂಪನಿಯದು!" ಎಂದು ಮೂಗು ಮುರಿಯುತ್ತಾರೆ. ಮೈಕ್ರೋಸಾಫ್ಟನ್ನು ಕೂರಿಸಲು ಒರಾಕಲ್ಲಿನ ಮಣೆ ಆಗದು. ಅವರಿಗೆ ಕೆವಿಎಂ, ಕ್ಯೂಎಮು ಎಂಬ ಮುಕ್ತ ತಂತ್ರಾಂಶಗಳ ಜೋಡಿಯೇ ಆಗಬೇಕು. "ಕೆವಿಎಂ 2007ರಿಂದ ಕರ್ನಲ್ಲಿನದೇ ಭಾಗ ಕಣ್ರೀ. ಅಂದ್ಮೇಲೆ ನಾನು ಓಡಿಸೋದು ಲಿನಕ್ಸೇ. ಅದರೊಳಗೆ ಇನ್ನೇನು ಓಡುತ್ತೆ ಅನ್ನೋದು ಅದರಿಷ್ಟ." ಇಂಥ ವಾದವನ್ನು ಸುಪ್ರೀಂ ಕೋರ್ಟಿನಲ್ಲೂ ಕೇಳಲಾರಿರಿ.

ಹಾಗಾದರೆ ಆ ವಿಂಡೋಸ್ ಬೇಕಾದರೂ ಯಾಕೆ? ಮನೆಯಾಕೆ ನಾಲ್ಕು ಅಂಗಡಿಗಳ ಲೆಕ್ಕ ಬರೆಯುತ್ತಾರೆ, ಅದಕ್ಕೆ ಟ್ಯಾಲಿ ಬೇಕು. ಆಡಿಟರು ಕೊಟ್ಟ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ನಿಗೆ ಬಂದದ್ದು ವಿಂಡೋಸಿನ ಡ್ರೈವರು. ಎಲ್ಲಕ್ಕಿಂತ ಹೆಚ್ಚಾಗಿ, ಬಡಾವಣೆಯ ಸಂಘದ ಕಾಗದಪತ್ರಗಳೆಲ್ಲ ಹಳೇ 'ನುಡಿ' ತಂತ್ರಾಂಶದಲ್ಲಿವೆ. ಯೂನಿಕೋಡಿಗಿಂತ ಮುಂಚಿನ ಆ ಫೈಲುಗಳನ್ನು ನುಡಿ ಫಾಂಟಿಲ್ಲದೆ ತೆರೆದರೆ ಕನ್ನಡದ ಜಾಗದಲ್ಲಿ ತಲೆಯ ಮೇಲೆ ಗೆರೆ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಅಕ್ಕನ ಮಗ ಒಮ್ಮೆ, "ಮಾವ, ಫಾಂಟ್ ಹಾಕಿದ್ರೆ ಲಿನಕ್ಸಲ್ಲೇ ಓದಬಹುದಲ್ವಾ?" ಅಂದ. "ಓದಬಹುದು ಕಣೋ. ತಿದ್ದೋದು ಹೇಗೆ?" ಎಂದು ರಾಯರು ಗದರಿದರು. ಹುಡುಗನ ಪ್ರಶ್ನೆಯೂ ಸರಿ, ಉತ್ತರವೂ ಸರಿ. ಆದರೆ ಉತ್ತರ ಕೊಡುವಾಗ ಅವರ ದನಿಯಲ್ಲಿದ್ದ ಉತ್ಸಾಹ ಮಾತ್ರ ಸರಿಯಿರಲಿಲ್ಲ.

ಒಳಗಿನ ವಿಂಡೋಸಿಗೆ ರಾಯರು ದುಡ್ಡು ಕೊಟ್ಟು ಲೈಸೆನ್ಸ್ ತಂದಿಲ್ಲ. ಪರದೆಯ ಬಲ ಮೂಲೆಯಲ್ಲಿ 'ವಿಂಡೋಸ್ ಆಕ್ಟಿವೇಟ್ ಮಾಡಿ' ಎಂಬ ಮಸುಕು ಸಾಲು ಸದಾ ನಿಂತಿರುತ್ತದೆ. ಟ್ಯಾಲಿಯನ್ನು ಎಳೆದು ಅದರ ಮೇಲೆ ಮುಚ್ಚಿದರೂ ಅದು ಟ್ಯಾಲಿಯ ಮೇಲೇ ಬಂದು ನಿಲ್ಲುತ್ತದೆ. ಬೇರೆಯವರಿಗೆ ಲೈಸೆನ್ಸಿನ ನೀತಿ ಬೋಧಿಸುವವರಿಗೆ ಇದಕ್ಕಿಂತ ತಕ್ಕ ನೆರೆ ಇನ್ನೊಂದಿಲ್ಲ.

ಇದ್ದ ಎಂಟು ಜಿಬಿ ರ್‍ಯಾಮಿನಲ್ಲಿ ನಾಲ್ಕು ಒಳಗಿನದಕ್ಕೆ ಕೊಟ್ಟ ಮೇಲೆ ಹೊರಗಿನ ಡೆಬಿಯನ್ ಲಿನಕ್ಸ್ ಏದುಸಿರು ಬಿಡುತ್ತದೆ. "ರೀ, ಮೊಮ್ಮಗಳ ಫೋಟೋ ಇಡೋಕೂ ಜಾಗ ಇಲ್ವಲ್ರೀ" ಎಂದು ಮನೆಯಾಕೆ ಕೂಗುತ್ತಾರೆ. ವಿಂಡೋಸಿನ ಒಳಗೆ ಎಷ್ಟು ಅಳಿಸಿದರೂ ಹೊರಗಿನ ಫೈಲು ತಾನಾಗಿ ಸಣ್ಣದಾಗುವುದಿಲ್ಲ. ಅದನ್ನು ವಿವರಿಸಹೋದರೆ ಹಳೇ ಬಿಲ್ಲುಗಳ ಗುಟ್ಟು ಬಯಲು. "ಕಸ ಸೇರಿದೆ, ನಾಳೆ ಗುಡಿಸ್ತೀನಿ" ಅನ್ನುತ್ತಾರೆ.

ಗುಡಿಸುವ ವಿಷಯದಲ್ಲಿ ಅವರಿಗೆ ಒಂದು ವ್ರತವಿದೆ. ಕೆವಿಎಂ, ಕ್ಯೂಎಮು ಜೋಡಿಯಲ್ಲಿ ಸ್ನ್ಯಾಪ್‌ಶಾಟ್ ಎಂಬ ಸೌಲಭ್ಯವಿದೆಯಲ್ಲ, ಮೆಷಿನ್ ಈಗ ಹೇಗಿದೆಯೋ ಹಾಗೆ ಹಿಡಿದಿಟ್ಟು, ಬೇಕೆಂದಾಗ ಆ ಸ್ಥಿತಿಗೇ ಮರಳಿಸುವುದು. ರಾಯರಿಗೆ ಅದು ಮುಟ್ಟಿದ್ದಕ್ಕೆ ಮಾಡುವ ಸ್ನಾನ. ಹೊರಗಿನವರು ಯಾರು ವಿಂಡೋಸ್ ಬಳಸಿ ಎದ್ದರೂ ಹಿಂದೆಯೇ ಹಳೆಯ ಸ್ನ್ಯಾಪ್‌ಶಾಟಿಗೆ ಮರಳಿಸಿಬಿಡುತ್ತಾರೆ.

ಹೋದ ಸಲ ಸಂಘದ ಕಾರ್ಯದರ್ಶಿಗಳು ತಮ್ಮ ಕಂಪ್ಯೂಟರ್ ಕೆಟ್ಟಿತೆಂದು ಬಂದು, ಸಂಜೆಯಿಡೀ ಕೂತು ವಾರ್ಷಿಕ ವರದಿಯನ್ನು ನುಡಿಯಲ್ಲಿ ಟೈಪ್ ಮಾಡಿ, ಕಾಫಿ ಕುಡಿದು ಹೋದರು. ರಾಯರು ವ್ರತ ಮುಗಿಸಿ ಮಲಗಿದರು. ಬೆಳಿಗ್ಗೆ ಕಾರ್ಯದರ್ಶಿಗಳು ಪೆನ್‌ಡ್ರೈವ್ ಹಿಡಿದು ಬಂದು ನೋಡಿದರೆ ವರದಿ ಇಲ್ಲ.

"ಡೆಸ್ಕ್‌ಟಾಪಿನಲ್ಲೇ ಇಟ್ಟಿದ್ದೆನಲ್ಲ ರಾಯರೇ?"

"ಯಾವ ಡೆಸ್ಕ್‌ಟಾಪು?"

"ನಿಮ್ಮದೇ! ವಿಂಡೋಸಿಂದು."

"ನಮ್ಮನೇಲಿ ವಿಂಡೋಸ್ ಎಲ್ಲಿದೆ ಸ್ವಾಮೀ?" ಅಂದರು ರಾಯರು. ಅಭ್ಯಾಸಬಲ.

ಆ ವರ್ಷ ಸಂಘದ ಸಭೆಯಲ್ಲಿ ವರದಿಯನ್ನು ಬಾಯಿಮಾತಿನಲ್ಲೇ ಒಪ್ಪಿಸಲಾಯಿತು. ನಿಮ್ಮ ಬೀದಿಯಲ್ಲೂ ಇಂಥ ರಾಯರಿದ್ದರೆ ಧಾರಾಳವಾಗಿ ಹೋಗಿ, ಸಹಾಯಕ್ಕೆ ಇಲ್ಲವೆನ್ನುವವರಲ್ಲ. ಫೈಲನ್ನು ಮಾತ್ರ ಪೆನ್‌ಡ್ರೈವಿಗೇ ಸೇವ್ ಮಾಡಿ, ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡ ಮೇಲೆ ಕಾಫಿಗೆ ಕೂರಿ.